ಹದಿನಾಲ್ಕು ಗುಳಿ, ಒಂದು ಮಡಿಲು ಹುಣಸೆ ಬೀಜ

ಹುಣಸೆ ಬಿಡಿಸುವ ಕಾಲವೂ ಬೇಸಿಗೆ ರಜೆಯೂ ಒಟ್ಟಿಗೇ ಬರುತ್ತವೆ. ತಲಕಾಡಿನ ಮರಳಿನಲ್ಲಿ ಮಕ್ಕಳು ತೋಡುವ ಪುಟ್ಟ ಗುಳಿಗಳೊಳಗೆ ಗಣಿತ ಬಚ್ಚಿಟ್ಟುಕೊಂಡು ಕೂತಿದೆ. ಅದನ್ನು ಎಬ್ಬಿಸಲು ಕರಿಹಲಗೆ ಬೇಡ, ಬೆತ್ತ ಬೇಡ. ಎದುರಿಗೆ ಸೋಲಲು ಒಪ್ಪದ ಒಬ್ಬರು ಕೂತರೆ ಸಾಕು!

ಬಿಸಿಲು ಇನ್ನೂ ಏರಿಲ್ಲ. ಕಾವೇರಿಯಲ್ಲಿ ಮುಳುಗೆದ್ದು ಬಂದವರ ಒದ್ದೆ ಹೆಜ್ಜೆ ತಲಕಾಡಿನ ಮರಳಿನ ಮೇಲೆ ಸಾಲಾಗಿ ಮೂಡಿದೆ. ದೊಡ್ಡವರು ಬುತ್ತಿ ಬಿಚ್ಚುವ ಗಡಿಬಿಡಿಯಲ್ಲಿದ್ದಾರೆ. ಅವರಿಂದ ನಾಲ್ಕು ಮಾರು ದೂರ, ಮರದ ನೆರಳಿನಲ್ಲಿ, ಹತ್ತು ವರ್ಷದ ಹುಡುಗಿಯೊಬ್ಬಳು ನೀರು ಚಿಮುಕಿಸಿದ ಮರಳಿಗೆ ಮುಷ್ಟಿ ಒತ್ತುತ್ತಿದ್ದಾಳೆ. ಇತ್ತ ಏಳು, ಅತ್ತ ಏಳು. ಹದಿನಾಲ್ಕು ಗುಳಿ.

ಅಜ್ಜಿಯ ಮಡಿಲಿನಿಂದ ಹುಣಸೆ ಬೀಜ ಇಳಿಯಿತು. ಗುಳಿಗೆ ಐದೈದು. ಎದುರಿಗೆ ತಮ್ಮ ಚಕ್ಕಳಮಕ್ಕಳ ಹಾಕಿದ.

ಹುಡುಗಿ ತನ್ನ ಎಡತುದಿಯ ಗುಳಿಯ ಐದನ್ನೂ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತ ಹೋದಳು. ಕೈ ಬರಿದಾದೊಡನೆ ಮುಂದಿನ ಗುಳಿಯದನ್ನು ಎತ್ತಿದಳು. ಮತ್ತೆ ಬಿಟ್ಟಳು, ಮತ್ತೆ ಎತ್ತಿದಳು. ಐದನೆಯ ಸಲ ಕೈ ಬರಿದಾದಾಗ ಎದುರಾದದ್ದು ಖಾಲಿ ಗುಳಿ. ಅದನ್ನು ಬೆರಳಿಂದ ಸವರಿ, ಅದರಾಚೆಯ ಗುಳಿಯಲ್ಲಿದ್ದುದನ್ನೆಲ್ಲ ಬಾಚಿಕೊಂಡಳು. ಏಳು ಬೀಜ.

‘ನೀನು ಒಳ್ಳೇ ಗುಳಿ ಹಿಡ್ಕೊಂಡೆ, ಮೋಸ!’ ಎಂದು ತಮ್ಮ ಎಲ್ಲ ಕೆದರಿದ. ಮತ್ತೆ ಐದೈದು ತುಂಬಿ, ಈ ಸಲ ತಾನೇ ನಡುಗುಳಿಯಿಂದ ಶುರು ಮಾಡಿದ. ಏಳು. ಇನ್ನೊಂದು ತುದಿಯಿಂದ ನೋಡಿದ. ಏಳೇ!

‘ಎಲ್ಲಿಂದ ತೆಗೆದ್ರೂ ಏಳೇ ಬರ್ತದಲ್ಲ, ಯಾಕಜ್ಜಿ?’

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವರು ತಲೆ ಎತ್ತಲಿಲ್ಲ. ‘ಬಳೆಗೆ ಮೊದಲೆಲ್ಲಿ, ಕೊನೆಯೆಲ್ಲಿ ಮಗ?’

ಗಣಿತದವರು ಇದಕ್ಕೆ ಸಮಮಿತಿ ಎನ್ನುತ್ತಾರೆ. ಹದಿನಾಲ್ಕೂ ಗುಳಿಗಳಲ್ಲಿ ಸಮನಾಗಿ ಬೀಜವಿದ್ದು, ಆಟ ಸುತ್ತಾಗಿ ಸಾಗುವಾಗ, ಯಾವ ಗುಳಿಯೂ ಇನ್ನೊಂದಕ್ಕಿಂತ ಬೇರೆಯಲ್ಲ. ಪಠ್ಯಪುಸ್ತಕ ಅರ್ಧ ಪುಟದಲ್ಲಿ ಹೇಳುವುದನ್ನು ಅಜ್ಜಿ ಒಂದು ಬಳೆಯಲ್ಲಿ ತೊಡಿಸಿದ್ದರು.

ಬೀಜದ ಕಾಲ

ಈ ಆಟಕ್ಕೆ, ಅಂದರೆ ಅಳಗುಳಿ ಮಣೆಗೆ, ಬೇಸಿಗೆಯೇ ಯಾಕೆ? ಉತ್ತರ ಅಡುಗೆಮನೆಯಲ್ಲಿದೆ. ಶಿವರಾತ್ರಿಯ ಹೊತ್ತಿಗೆ ಹುಣಸೆ ಮರಗಳು ಕಾಯಿ ಉದುರಿಸತೊಡಗುತ್ತವೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯುಗಾದಿಯ ಆಚೀಚೆ ಜಗಲಿ ತುಂಬ ಹುಣಸೆಯದೇ ಕೆಲಸ. ಸಿಪ್ಪೆ ಸುಲಿದು, ನಾರು ಎಳೆದು, ಬೀಜ ಬಿಡಿಸಿ ಉಂಡೆ ಕಟ್ಟಬೇಕು. ವರ್ಷದ ಸಾರಿಗೆ ಹಣ್ಣು ಮಡಕೆ ಸೇರಿದರೆ ಬೀಜ ಮೊರದಲ್ಲಿ ಉಳಿಯುತ್ತದೆ. ಬಟ್ಟೆಯ ಗಂಜಿಗೆ ಪುಡಿ ಮಾಡಲು ಕೊಳ್ಳುವವರು ಬರುವವರೆಗೆ ಅದು ಮಕ್ಕಳ ಆಸ್ತಿ. ಅಷ್ಟರಲ್ಲಿ ಶಾಲೆಗೂ ರಜೆ.

ಹುಣಸೆ ಬೀಜ ಆಟಕ್ಕೆಂದೇ ಹುಟ್ಟಿದಂತಿದೆ. ನುಣುಪು ಮೈ, ಗಟ್ಟಿ ತೊಗಟೆ. ಮುಷ್ಟಿಯಲ್ಲಿ ಇಪ್ಪತ್ತು ಹಿಡಿದರೂ ಭಾರವಿಲ್ಲ. ಬೆರಳ ತುದಿಯಿಂದ ಒಂದೊಂದೇ ಜಾರಿಸಬಹುದು. ಕಳೆದರೆ ಅಳುವಂತಿಲ್ಲ, ಮೊರದಲ್ಲಿ ಇನ್ನೂ ಇದೆ.

ಮಣೆಯೂ ಅಷ್ಟೇ. ಉಳ್ಳವರ ಮನೆಯಲ್ಲಿ ಬೀಟೆಯದೋ ಹಲಸಿನದೋ ಮರದ ಮಣೆ. ಇಲ್ಲದವರಿಗೆ ಮಣ್ಣು ನೆಲ. ತಲಕಾಡಿನವರಿಗಂತೂ ಊರೇ ಮಣೆ.

[ಬಾಕ್ಸ್] ಹೆಸರು ಹಲವು, ಗುಳಿ ಹದಿನಾಲ್ಕು

* ಮೈಸೂರು ಕಡೆ ಅಳಗುಳಿ ಮಣೆ, ತುಳುನಾಡಿನಲ್ಲಿ ಚೆನ್ನೆಮಣೆ, ತಮಿಳರಿಗೆ ಪಲ್ಲಾಂಗುಳಿ.
* ತುಳುನಾಡಿನಲ್ಲಿ ಇದು ಮಳೆ ಸುರಿಯುವ ಆಟಿ ತಿಂಗಳ ಆಟ. ಸಿರಿಯ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಕೊನೆಗೆ ಇಬ್ಬರೂ ಪ್ರಾಣ ಕಳೆದುಕೊಳ್ಳುತ್ತಾರೆ.
* ಒಬ್ಬರೇ ಕೂತು ಆಡುವ ಬಗೆಗೆ ಸೀತೆಯ ಹೆಸರಿದೆ. ಅಶೋಕವನದ ಒಂಟಿ ಸಂಜೆಗಳನ್ನು ಅವಳು ಹೀಗೆ ಕಳೆದಳು ಎಂಬುದು ಜನರ ನಂಬಿಕೆ.
* ಗುಳಿಗೆ ನಾಲ್ಕೋ ಐದೋ ಆರೋ, ಖಾಲಿ ಗುಳಿ ಸಿಕ್ಕಾಗ ಏನು ದಕ್ಕುತ್ತದೆ ಎಂಬುದೆಲ್ಲ ಊರಿಂದ ಊರಿಗೆ ಬೇರೆ. ಆಟಕ್ಕೆ ಮೊದಲು ನಿಯಮ ಗೊತ್ತುಮಾಡಿಕೊಳ್ಳುವುದೇ ಅರ್ಧ ಆಟ.

ಏಳರ ನಂತರ

ಮೊದಲ ನಡೆಯಲ್ಲಿ ಬುದ್ಧಿಗೆ ಕೆಲಸವಿಲ್ಲ, ಎಲ್ಲಿಂದ ಹೊರಟರೂ ಏಳೇ. ಕಣ್ಣು ಅರಳಬೇಕಾದದ್ದು ಎರಡನೆಯ ನಡೆಗೆ.

ಅಕ್ಕ ಎಡತುದಿಯಿಂದ ಹೊರಟು ಏಳು ಗೆದ್ದಾಗ ತಮ್ಮನ ಕಡೆಯ ಏಳು ಗುಳಿಗಳಲ್ಲಿ, ಅವನ ಎಡದಿಂದ ಬಲಕ್ಕೆ, ಉಳಿದ ಬೀಜ ಇಷ್ಟು: ಏಳು, ಏಳು, ಏಳು, ಏಳು, ಸೊನ್ನೆ, ಒಂದು, ಏಳು. ನೋಡಿದವರಿಗೆ ಐದು ಏಳುಗಳೂ ಒಂದೇ. ಒಂಟಿ ಬೀಜದ ಗುಳಿಯಂತೂ ಲೆಕ್ಕಕ್ಕೇ ಇಲ್ಲ ಅನಿಸುತ್ತದೆ.

ನಾನು ಮನೆಗೆ ಬಂದು ಪೆನ್ಸಿಲ್ ಹಿಡಿದು ಒಂದೊಂದನ್ನೂ ಆಡಿ ನೋಡಿದೆ. ಮೊದಲ ಏಳರಿಂದ ಹೊರಟರೆ ಮೂರು ಬೀಜ ಸಿಗುತ್ತವೆ. ಎರಡನೆಯದು ಒಂದನ್ನಷ್ಟೇ ತರುತ್ತದೆ. ಮೂರನೆಯದು ಒಂಬತ್ತು ಸಲ ಎತ್ತಿಬಿಟ್ಟು, ಮಣೆಯನ್ನು ಸುತ್ತಿ ಸುತ್ತಿ, ಕೊನೆಗೆ ಮೂರು ಕೊಟ್ಟು ಸುಮ್ಮನಾಗುತ್ತದೆ. ನಾಲ್ಕನೆಯದು ಇನ್ನೂ ಕ್ರೂರಿ. ಖಾಲಿ ಗುಳಿ ಸವರಿ ಆಸೆಯಿಂದ ಆಚೆ ನೋಡಿದರೆ ಅದೂ ಖಾಲಿ!

ಲೆಕ್ಕಕ್ಕಿಲ್ಲ ಅನಿಸಿದ ಒಂಟಿ ಬೀಜವೋ ಎಂಟನ್ನು ಎಳೆದು ತರುತ್ತದೆ. ಬಲತುದಿಯ ಏಳು ಹತ್ತು ತರುತ್ತದೆ.

ಅವತ್ತು ತಮ್ಮ ಆರಿಸಿದ್ದು ನಾಲ್ಕನೆಯದನ್ನು. ಬರಿಗೈ. ಅಕ್ಕ ನಕ್ಕಳು. ಮುಂದಿನ ಆಟದಲ್ಲಿ ಅವನು ಗುಳಿಗೆ ಕೈ ಹಾಕುವ ಮುನ್ನ ಬೆರಳನ್ನು ಗಾಳಿಯಲ್ಲಿ ಓಡಿಸಿ, ತುಟಿ ಅಲುಗಿಸಿ ಎಣಿಸತೊಡಗಿದ. ‘ಇಲ್ಲಿ ಬಿಟ್ರೆ ಅಲ್ಲಿ ನಿಲ್ತದೆ, ಅಲ್ಲಿಂದ ಎತ್ತಿದ್ರೆ...’

‘ಹೀಗೆ ಮಾಡಿದರೆ ಏನಾಗುತ್ತದೆ’ ಎಂದು ಕೈಗಿಂತ ಮೊದಲು ಮನಸ್ಸು ನಡೆಯುವ ಆ ಗಳಿಗೆಯಲ್ಲೇ ಗಣಿತ ಹುಟ್ಟುವುದು. ಕೂಡುವುದು, ಕಳೆಯುವುದು ಅದರ ಆಳುಮಕ್ಕಳು. ಶಾಲೆಯಲ್ಲಿ ತಪ್ಪು ಉತ್ತರಕ್ಕೆ ಕೆಂಪು ಗೀಟು ಬೀಳುತ್ತದೆ. ಯಾಕೆ ತಪ್ಪು ಎಂದು ಗೀಟು ಹೇಳುವುದಿಲ್ಲ. ಇಲ್ಲಿ ತಪ್ಪಿನ ಬೆಲೆ ಎದುರಿನವರ ಮಡಿಲಲ್ಲಿ ಕಣ್ಣಿಗೇ ಕಾಣುತ್ತದೆ. ಮರುಗಳಿಗೆ ಮತ್ತೊಂದು ಸರದಿಯೂ ಸಿಗುತ್ತದೆ. ಗಣಿತವೆಂದರೆ ಬೆವರುತ್ತಿದ್ದ ನನ್ನಂಥವನಿಗೂ ಈ ಮಣೆಯ ಮುಂದೆ ಹೆದರಿಕೆಯಾದ ನೆನಪಿಲ್ಲ.

ಶೇಷದ ಪಾಠವೂ ಇಲ್ಲೇ ಆಗುತ್ತದೆ. ಆಟ ಬೆಳೆದಂತೆ ಕೆಲವು ಗುಳಿಗಳು ತುಂಬುತ್ತವೆ. ಹದಿನಾಲ್ಕು ಬೀಜ ಕೂಡಿದ ಗುಳಿಯಿಂದ ಹೊರಟರೆ ಕೊನೆಯ ಬೀಜ ಹೊರಟಲ್ಲಿಗೇ ಬಂದು ಬೀಳುತ್ತದೆ. ಹದಿನೇಳಿದ್ದರೆ ಒಂದು ಸುತ್ತು ಮುಗಿಸಿ ಮೂರು ಗುಳಿ ಆಚೆ. ನುರಿತ ಮಕ್ಕಳು ಹದಿನೇಳನ್ನೂ ಎಣಿಸುವುದಿಲ್ಲ, ಮೂರನ್ನಷ್ಟೇ ನೋಡುತ್ತಾರೆ. ಹದಿನಾಲ್ಕರಿಂದ ಭಾಗಿಸಿ ಶೇಷ ಹಿಡಿಯುತ್ತಿದ್ದೇವೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ತಲಕಾಡಿಗೆ ಇಂಥ ಸುತ್ತಿನ ಲೆಕ್ಕ ಹೊಸದಲ್ಲ. ಕಾರ್ತಿಕದ ಅಮಾವಾಸ್ಯೆ, ಸೋಮವಾರ, ವಿಶಾಖ ನಕ್ಷತ್ರ ಒಂದೇ ದಿನ ಕೂಡಿ ಬಂದಾಗ ಮಾತ್ರ ಇಲ್ಲಿ ಪಂಚಲಿಂಗ ದರ್ಶನ. ವಾರಕ್ಕೆ ಏಳರ ಸುತ್ತು, ತಿಥಿಗೆ ಮೂವತ್ತರದು, ನಕ್ಷತ್ರಕ್ಕೆ ಇಪ್ಪತ್ತೇಳರದು. ಮೂರೂ ಚಕ್ರಗಳ ಗುರುತು ಒಂದೇ ಗೆರೆಗೆ ಬರಬೇಕು. 2006, 2009, 2013, 2020 ಎಂದು ಅಂತರ ಮೂರು, ನಾಲ್ಕು, ಏಳು ವರ್ಷಗಳಾಗಿ ಏರುಪೇರಾಗುವುದು ಅದಕ್ಕೇ.

ಕಾಯಿ ಹಣ್ಣಾಗುವ ಹಾದಿ

ಅಳಗುಳಿ ಮಣೆಯಲ್ಲಿ ಅದೃಷ್ಟಕ್ಕೆ ಜಾಗವಿಲ್ಲ, ಎಲ್ಲ ಕಣ್ಣೆದುರೇ ಇರುತ್ತದೆ. ಚೌಕಾಬಾರದಲ್ಲಿ ಹಾಗಲ್ಲ.

ಐದಕ್ಕೈದು ಮನೆಗಳ ಚೌಕ, ನಾಲ್ಕು ಕವಡೆ, ಆಳಿಗೆ ನಾಲ್ಕು ಕಾಯಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವೇ ಗತಿ. ಒಂದು ಮೈಯನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿದರಾಯಿತು, ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ. ಬಳೆ ಚೂರು, ಕಡ್ಡಿ, ಕಲ್ಲುಹರಳು ಕಾಯಿಗಳಾಗುತ್ತವೆ. ಹೊರಸುತ್ತು ಸುತ್ತಿ, ಎದುರಾಳಿಯ ಒಂದು ಕಾಯನ್ನಾದರೂ ಹೊಡೆದ ಮೇಲೆ ಒಳಸುತ್ತಿಗೆ ಪ್ರವೇಶ. ನಡುಮನೆ ಮುಟ್ಟಿದ ಕಾಯಿ ‘ಹಣ್ಣಾಯಿತು’.

ಈ ಮಾತನ್ನು ಒಂದು ಗಳಿಗೆ ನಾಲಗೆಯ ಮೇಲೆ ಇಟ್ಟುಕೊಂಡು ನೋಡಿ. ಆಟದ ತುಣುಕಿಗೆ ಕನ್ನಡ ಇಟ್ಟ ಹೆಸರು ‘ಕಾಯಿ’. ಆದ್ದರಿಂದಲೇ ಅದು ಗುರಿ ಮುಟ್ಟಿದಾಗ ‘ಹಣ್ಣು’. ನಡುವೆ ಹೊಡೆಸಿಕೊಂಡರೆ ಮತ್ತೆ ಮೊದಲ ಮನೆ. ಅವಸರದಿಂದ ಯಾವುದೂ ಹಣ್ಣಾಗದು ಎಂಬ ಬೇಸಾಯದ ತಿಳಿವಳಿಕೆ ಆಟದ ಮಾತಿನಲ್ಲೇ ಬೆರೆತಿದೆ.

ಕವಡೆ ಎಷ್ಟು ಬೀಳುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಬಿದ್ದದ್ದರಲ್ಲಿ ಯಾವ ಕಾಯಿ ನಡೆಸಬೇಕು ಎಂಬುದು ನಮ್ಮ ಕೈಯಲ್ಲಿದೆ. ಬೆನ್ನ ಹಿಂದೆ ಎರಡು ಮನೆ ದೂರದಲ್ಲಿ ಎದುರಾಳಿಯ ಕಾಯಿ ಕೂತಿದೆ ಎನ್ನಿ. ಎಂಟು ಮನೆ ದೂರದಲ್ಲಿ ಇದ್ದದ್ದಕ್ಕಿಂತ ಇದು ಎಷ್ಟೋ ಅಪಾಯ. ಎಷ್ಟು ಅಪಾಯ ಎಂದು ಕೇಳಿದ ಕೂಡಲೇ ಮಗು ಸಂಭವನೀಯತೆಯ ಹೊಸ್ತಿಲಲ್ಲಿ ನಿಂತಿರುತ್ತದೆ.

[ಬಾಕ್ಸ್] ನಾಲ್ಕು ಕವಡೆ, ಹದಿನಾರು ಬಗೆ

ಒಂದೊಂದು ಕವಡೆಗೂ ಬಾಯಿ ಮೇಲೆ, ಬಾಯಿ ಕೆಳಗೆ ಎಂದು ಎರಡು ಬಗೆ. ನಾಲ್ಕಕ್ಕೆ ಒಟ್ಟು 16. ಎರಡೂ ಬಗೆ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ:

* ಒಂದು ಬೀಳುವುದು: 16ರಲ್ಲಿ 4
* ಎರಡು: 16ರಲ್ಲಿ 6
* ಮೂರು: 16ರಲ್ಲಿ 4
* ಚೌಕ (ನಾಲ್ಕೂ ಬಾಯಿ ಮೇಲೆ): 16ರಲ್ಲಿ 1
* ಬಾರ (ನಾಲ್ಕೂ ಕವುಚಿ, ಎಂಟು): 16ರಲ್ಲಿ 1

ಎರಡು ಮನೆ ಹಿಂದಿರುವ ಶತ್ರುವಿಗೆ ಎಂಟು ಮನೆ ಹಿಂದಿರುವವನ ಆರರಷ್ಟು ಅವಕಾಶ. ನಿಜವಾದ ಕವಡೆಯ ಬೆನ್ನು ಉಬ್ಬಿರುವುದರಿಂದ ಲೆಕ್ಕ ಸ್ವಲ್ಪ ಆಚೀಚೆಯಾದೀತು. ಎಷ್ಟು ಆಚೀಚೆ? ನೂರು ಸಲ ಎಸೆದು ಬರೆದಿಟ್ಟುಕೊಳ್ಳುವುದು ರಜೆಗೆ ಒಳ್ಳೆಯ ಕೆಲಸ.

ಹುಲಿ ಮೂರು, ಕುರಿ ಹದಿನೈದು

ಇಬ್ಬರ ಬಲವೂ ಸಮವಿಲ್ಲದ ಆಟ ಇನ್ನೊಂದಿದೆ. ಹುಲಿ–ಕುರಿ. ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದು ತ್ರಿಕೋನ, ಅದಕ್ಕೆ ಅಡ್ಡಗೆರೆಗಳು. ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಮೂರು ಹುಲಿ, ಹದಿನೈದು ಕುರಿ. ಹುಲಿಗೆ ದಪ್ಪ ಕಲ್ಲು, ಕುರಿಗೆ ಬೀಜ.

ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ. ಹಾರಲು ಕುರಿಯ ಹಿಂದಿನ ಮನೆ ಖಾಲಿ ಇರಬೇಕು. ಕುರಿ ಯಾರನ್ನೂ ತಿನ್ನಲಾರದು, ಹುಲಿಗೆ ಕದಲಲು ಜಾಗವಿಲ್ಲದಂತೆ ಮುತ್ತಿಗೆ ಹಾಕಬಲ್ಲದು ಅಷ್ಟೆ.

ಮೊದಲ ಸಲ ಆಡುವ ಮಕ್ಕಳೆಲ್ಲ ‘ನಂಗೆ ಹುಲಿ’ ಎಂದು ಕಿತ್ತಾಡುತ್ತಾರೆ. ನಾಲ್ಕು ದಿನ ಆಡಿದ ಮೇಲೆ ಕುರಿಯ ಗುಟ್ಟು ತಿಳಿಯುತ್ತದೆ. ಬೆನ್ನಿಗೆ ಇನ್ನೊಂದು ಕುರಿ ನಿಂತಿದ್ದರೆ ಆ ದಿಕ್ಕಿನಲ್ಲಿ ಹುಲಿಯ ಬಾಯಿಗೆ ಬೀಗ. ಅವಸರಪಟ್ಟು ಒಂಟಿಯಾಗಿ ಮುಂದೆ ಹೋದ ಕುರಿ ಹುಲಿಯ ಊಟ.

ಗೆರೆಗಳು ಎಲ್ಲ ಬಿಂದುವಿನಲ್ಲೂ ಸಮನಾಗಿ ಕೂಡುವುದಿಲ್ಲ ಎಂಬುದು ಆಮೇಲೆ ಹೊಳೆಯುತ್ತದೆ. ಕೆಲವಕ್ಕೆ ಎರಡೇ ದಾರಿ, ಕೆಲವಕ್ಕೆ ಹಲವು. ಹುಲಿಯನ್ನು ದಾರಿ ಕಡಿಮೆಯಿರುವ ಮೂಲೆಗೆ ದೂಡಬೇಕು. ಬಿಂದು ಮತ್ತು ಗೆರೆಗಳ ಈ ಜಾಲವೇ ಇಂದಿನ ಗ್ರಾಫ್ ಸಿದ್ಧಾಂತದ ವಸ್ತು. ರಸ್ತೆ ನಕ್ಷೆಯಿಂದ ಮೊಬೈಲ್ ಜಾಲದವರೆಗೆ ಎಲ್ಲ ಕಡೆ ಕೆಲಸ ಮಾಡುವುದು ಅದೇ.

ಹಂಪಿಯ ಮಂಟಪಗಳ ಹಾಸುಗಲ್ಲಿನಲ್ಲಿ ಇಂಥ ಗೆರೆಗಳು ಈಗಲೂ ಕಾಣುತ್ತವೆ. ಕೆತ್ತಿದವರು ಯಾರೋ, ಕಾವಲಿನವರೋ, ಕಲ್ಲುಕುಟಿಗರೋ, ಸಂತೆಗೆ ಬಂದವರೋ. ಶಾಸನ ಕೆತ್ತಿಸಿದ ದೊರೆಗಳ ಹೆಸರು ನಮಗೆ ಗೊತ್ತು. ಆಟದ ಗೆರೆ ಎಳೆದವರ ಹೆಸರಿಲ್ಲ, ಆಟ ಮಾತ್ರ ಇದೆ.

ಶಾಪದ ಊರು, ಆಟದ ದೊರೆ

ತಲಕಾಡು ಎಂದಕೂಡಲೇ ಅಲಮೇಲಮ್ಮನ ಶಾಪ ನೆನಪಾಗುತ್ತದೆ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈ ಸೇರಿದ ಕಾಲದ ಕಥೆ ಅದು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಹೇಳಿ, ಪಟ್ಟಣ ಕಳೆದುಕೊಂಡ ವಿಜಯನಗರ ಪ್ರತಿನಿಧಿಯ ಮಡದಿಯಾದ ಅವಳು ಕಾವೇರಿಗೆ ಹಾರಿದಳು ಎನ್ನುತ್ತದೆ ಜನರ ಬಾಯಿ.

ಆ ಶಾಪದ ನೆರಳಿನಲ್ಲಿ ಹೆಚ್ಚು ಸಲ ಹೆಸರಾಗುವ ದೊರೆಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರೂ ಒಬ್ಬರು. ಹುಟ್ಟಿದ್ದು 1794ರಲ್ಲಿ, ಐದನೆಯ ವಯಸ್ಸಿಗೇ 1799ರಲ್ಲಿ ಪಟ್ಟ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಪಟ್ಟಕ್ಕೆ ಗಂಡು ಸಂತಾನವಿಲ್ಲದೆ 1865ರಲ್ಲಿ ದತ್ತು ಪಡೆಯಬೇಕಾಯಿತು.

ರಾಜ್ಯವಾಳುವ ಕೆಲಸ ತಪ್ಪಿದ ದೊರೆ ಮಣೆ ಹಿಡಿದರು. ಹಳೆಯ ಆಟಗಳನ್ನು ಕೂಡಿಹಾಕಿದರು, ಹೊಸವನ್ನು ಕಟ್ಟಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ಭಾಗಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಅವರೇ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮಣೆಗಳು ಬಣ್ಣ ಕಟ್ಟಿ ನಿಂತಿವೆ.

ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಇಳಿಸಿ ಇಡೀ ಮಣೆ ಸುತ್ತಿಸುವುದು ಹಳೆಯ ಒಗಟು. ಮುಮ್ಮಡಿಯವರು ಅದಕ್ಕೊಂದು ಗಂಟು ಹೆಚ್ಚು ಹಾಕಿದರು. ನಡೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕಿ ಕೊಟ್ಟರೆ, ಅಡ್ಡಸಾಲು ಕೂಡಿದರೂ 260, ಕಂಬಸಾಲು ಕೂಡಿದರೂ 260! ಕರ್ಣಗಳೂ 260 ಆಗುವ ಕುದುರೆಯ ಸುತ್ತು ಈ ಮಣೆಯಲ್ಲಿ ಸಾಧ್ಯವೇ ಇಲ್ಲ ಎಂದು ಖಚಿತವಾದದ್ದು 2003ರಲ್ಲಿ, ಅದೂ ಕಂಪ್ಯೂಟರುಗಳನ್ನು ಎರಡು ತಿಂಗಳು ದುಡಿಸಿಕೊಂಡ ಮೇಲೆ.

ಮಕ್ಕಳಾಗದಿರಲಿ ಎಂಬ ಶಾಪ ಹೊತ್ತ ಮನೆತನದ ದೊರೆ ನಾಡಿನ ಮಕ್ಕಳಿಗೆ ಉಳಿಸಿಹೋದದ್ದು ಆಟಗಳ ಗಂಟು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಪಾರಂಪರಿಕ ಮಣೆಯಾಟಗಳ ಪ್ರದರ್ಶನ ನಡೆಸುತ್ತ ಬಂದು, ಆ ಗಂಟನ್ನು ಮತ್ತೆ ಬಿಚ್ಚಿ ಹರಡಿದೆ.

88,906 ಕೋಟಿ ಬಗೆ

ಗುಳಿ–ಬೀಜದ ಆಟ ನಮ್ಮೊಬ್ಬರದಲ್ಲ. ಆಫ್ರಿಕಾದ ಉದ್ದಗಲಕ್ಕೂ ಅದರ ಅಣ್ಣತಮ್ಮಂದಿರಿದ್ದಾರೆ, ಒಟ್ಟು ಬಳಗಕ್ಕೆ ಮಂಕಾಲ ಎಂಬ ಹೆಸರಿದೆ. ಪಶ್ಚಿಮ ಆಫ್ರಿಕಾದ ಅವಾರಿಗೆ ಹನ್ನೆರಡು ಗುಳಿ, ನಲವತ್ತೆಂಟು ಬೀಜ. ನಮ್ಮದಕ್ಕಿಂತ ಚಿಕ್ಕದು.

ಆ ಚಿಕ್ಕ ಆಟವನ್ನು ಪೂರ್ತಿ ಅರಿಯಲು ಆಮ್‌ಸ್ಟರ್‌ಡ್ಯಾಮಿನ ಜಾನ್ ರೊಮೈನ್ ಮತ್ತು ಹೆನ್ರಿ ಬಾಲ್ 2002ರಲ್ಲಿ 144 ಪ್ರೊಸೆಸರ್‌ಗಳನ್ನು ಒಟ್ಟುಗೂಡಿಸಿದರು. ಲೆಕ್ಕ ಮುಗಿಯಲು 51 ಗಂಟೆ ಹಿಡಿಯಿತು. ನೋಡಿದ ಬೀಜ–ಜೋಡಣೆಗಳು ಸುಮಾರು 88,906 ಕೋಟಿ. ಕೊನೆಗೆ ಬಂದ ತೀರ್ಪು: ಇಬ್ಬರೂ ಒಂದೂ ತಪ್ಪದೆ ಆಡಿದರೆ ಆಟ ಸಮ.

ನಮ್ಮ ಜಗಲಿಗಳ ಮೇಲೂ ಗೆರೆ ಎಳೆದಿರುವ ನವಕಂಕರಿಗೆ ಇಂಥದೇ ತೀರ್ಪು 1993ರಲ್ಲಿ ಸ್ವಿಟ್ಜರ್ಲೆಂಡಿನ ರಾಲ್ಫ್ ಗ್ಯಾಸರ್ ಅವರಿಂದ ಬಂದಿತ್ತು. ಆಳಿಗೆ ಒಂಬತ್ತು ಕಾಯಿ, ಮೂರು ಚೌಕ, ಇಪ್ಪತ್ನಾಲ್ಕು ಮನೆ. ತಪ್ಪದೆ ಆಡಿದರೆ ಅದೂ ಸಮ. ನೇಪಾಳದಲ್ಲಿರುವ ನಮ್ಮ ಹುಲಿ–ಕುರಿಯ ನೆಂಟ ಬಾಗ್‌ಚಾಲ್, ನಾಲ್ಕು ಹುಲಿ ಇಪ್ಪತ್ತು ಮೇಕೆಯ ಆಟ, ಅದೂ ಸಮವೇ ಎಂದು ಮುಂದೆ ತಿಳಿಯಿತು.

ಹಾಗಾದರೆ ಆಟಗಳು ಸತ್ತವೇ? ಇಲ್ಲ. ತಪ್ಪದೆ ಆಡುವುದು ಯಂತ್ರದ ಪಾಡು. ಮನುಷ್ಯರು ತಪ್ಪುತ್ತಾರೆ, ತಪ್ಪಿದ್ದನ್ನು ನೆನಪಿಟ್ಟುಕೊಳ್ಳುತ್ತಾರೆ. ಗೆಲುವು ಸೋಲು ಎರಡೂ ಹುಟ್ಟುವುದು ಅಲ್ಲಿಂದಲೇ.

[ಬಾಕ್ಸ್] ಆಡಿ ನೋಡಿ: ಕೊನೆಯ ಬೀಜ ಯಾರದು?

*ಆಟ ಒಂದು:* 21 ಬೀಜ ಗುಡ್ಡೆ ಹಾಕಿ. ಸರದಿಗೆ ಒಂದು, ಎರಡು ಇಲ್ಲವೇ ಮೂರು ತೆಗೆಯಬಹುದು. ಕೊನೆಯ ಬೀಜ ತೆಗೆದವರು ಗೆದ್ದರು.

*ಗುಟ್ಟು:* ಮೊದಲು ಒಂದು ತೆಗೆದು 20 ಉಳಿಸಿ. ಆಮೇಲೆ ಎದುರಾಳಿ ಒಂದು ತೆಗೆದರೆ ನೀವು ಮೂರು, ಎರಡಕ್ಕೆ ಎರಡು, ಮೂರಕ್ಕೆ ಒಂದು. ಅವರ ಮುಂದೆ ಸದಾ ನಾಲ್ಕರ ಮಗ್ಗಿಯೇ ಉಳಿಯುತ್ತದೆ: 16, 12, 8, 4, ಸೊನ್ನೆ.

*ಆಟ ಎರಡು:* ಮೂರು, ಐದು, ಏಳು ಬೀಜಗಳ ಮೂರು ಗುಡ್ಡೆ. ಸರದಿಗೆ ಒಂದೇ ಗುಡ್ಡೆಯಿಂದ ಎಷ್ಟಾದರೂ ತೆಗೆಯಿರಿ. ಕೊನೆಯದು ತೆಗೆದವರಿಗೆ ಗೆಲುವು.

*ಗುಟ್ಟು:* ಪ್ರತಿ ಗುಡ್ಡೆಯನ್ನೂ ಮನಸ್ಸಿನಲ್ಲೇ ನಾಲ್ಕು, ಎರಡು, ಒಂದರ ಕಟ್ಟುಗಳಾಗಿ ಒಡೆಯಿರಿ. ಮೂರು ಎಂದರೆ 2+1, ಐದು 4+1, ಏಳು 4+2+1. ನಾಲ್ಕರ ಕಟ್ಟು ಎರಡಿವೆ, ಎರಡರದೂ ಎರಡಿವೆ. ಒಂದರದು ಮಾತ್ರ ಮೂರು, ಜೋಡಿ ತಪ್ಪಿದೆ. ಯಾವ ಗುಡ್ಡೆಯಿಂದಾದರೂ ಒಂದೇ ಬೀಜ ತೆಗೆಯಿರಿ. ಮುಂದೆಯೂ ಪ್ರತಿ ಸಲ ಎಲ್ಲ ಕಟ್ಟುಗಳನ್ನು ಜೋಡಿ ಮಾಡಿಯೇ ಬಿಟ್ಟುಕೊಡಿ.

ಈ ಗುಟ್ಟನ್ನು ಹಾರ್ವರ್ಡಿನ ಚಾರ್ಲ್ಸ್ ಬೌಟನ್ 1901ರಲ್ಲಿ ಬಿಡಿಸಿ, ಆಟಕ್ಕೆ ‘ನಿಮ್’ ಎಂದು ಹೆಸರಿಟ್ಟರು. 1951ರಲ್ಲಿ ಬ್ರಿಟನ್ನಿನ ಉತ್ಸವಕ್ಕಾಗಿ ಕಟ್ಟಿದ ನಿಮ್‌ರಾಡ್ ಯಂತ್ರಕ್ಕೆ ಇದನ್ನು ಆಡುವುದೇ ಕೆಲಸವಾಗಿತ್ತು.

ನಲಿಯುತ್ತ ಕಲಿ

ಮಣೆಯಾಟವನ್ನು ಶಾಲೆಯೊಳಗೆ ತರಬೇಕೆ? ತಲಕಾಡಿನ ಜಿಲ್ಲೆಗೆ ಆ ಮಾತು ಅಪರಿಚಿತವಲ್ಲ. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು–ಕಡ್ಡಿ–ಕಲ್ಲು ಹಿಡಿದು, ತಮ್ಮ ವೇಗದಲ್ಲಿ ಕಲಿಯುವ ‘ನಲಿ–ಕಲಿ’ ಮೊದಲಾದದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ, 1995ರ ಸುಮಾರಿಗೆ. ಅಲ್ಲಿಂದ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ಹರಡಿತು.

ಒಂದು ಎಚ್ಚರ ಮಾತ್ರ ಬೇಕು. ಆಟವನ್ನು ‘ಚಟುವಟಿಕೆ’ ಎಂದು ಕರೆದು, ಕೊನೆಗೆ ಅಂಕ ಕೊಟ್ಟ ದಿನ ಅದು ಆಟವಾಗಿ ಉಳಿಯುವುದಿಲ್ಲ. ಮೇಷ್ಟ್ರು ಉತ್ತರ ಹೇಳಲು ಆತುರಪಡಬಾರದು. ಅವರೂ ಒಂದು ಬದಿಗೆ ಕೂತು ಆಡಿ, ಒಮ್ಮೊಮ್ಮೆ ನಿಜವಾಗಿಯೇ ಸೋಲಬೇಕು. ‘ನಾಲ್ಕನೇ ಗುಳಿ ಯಾಕೆ ಬಿಟ್ಟೆ?’ ಎಂದು ಮಗುವನ್ನು ಕೇಳಿ, ಅದು ಹೇಳುವವರೆಗೂ ಕಾಯಬೇಕು.

ಖರ್ಚು? ತರಗತಿಗೆ ಒಂದು ಸೇರು ಹುಣಸೆ ಬೀಜ.

ಒಂದು ನಡೆ, ನೂರು ವರ್ಷ

ಬಿಸಿಲು ಏರಿತ್ತು. ಕೀರ್ತಿನಾರಾಯಣನ ಗುಡಿಯ ಕಡೆಯಿಂದ ಜನ ಬರತೊಡಗಿದ್ದರು. ಚೋಳರಿಂದ ತಲಕಾಡು ಗೆದ್ದ ನೆನಪಿಗೆ ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿ ಅದು. ಅದಕ್ಕೂ ಮೊದಲು ಗಂಗರಿಗೆ ರಾಜಧಾನಿಯಾಗಿದ್ದ ಊರು ಇಂದು ದಿಬ್ಬಗಳ ಕೆಳಗಿದೆ.

ಇಷ್ಟು ಮರಳು ಎಲ್ಲಿಂದ ಬಂತು? ಶಾಪದ ಕಥೆಯ ಪಕ್ಕದಲ್ಲೇ ಇನ್ನೊಂದು ವಿವರಣೆಯಿದೆ. ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಅವರು ಬೊಟ್ಟು ಮಾಡುವುದು ಹದಿನಾಲ್ಕನೆಯ ಶತಮಾನದಲ್ಲಿ ಮಾಧವ ಮಂತ್ರಿ ಕಾವೇರಿಗೆ ಕಟ್ಟಿಸಿದ ಅಣೆಯ ಕಡೆಗೆ. ಅಣೆಯಿಂದ ಹೊಳೆಯ ಹರಿವು ಬದಲಾಯಿತು, ಪಾತ್ರದ ಮರಳು ಬಯಲಿಗೆ ಬಿತ್ತು, ಗಾಳಿ ಅದನ್ನು ಹೊತ್ತು ಊರಿನ ಮೇಲೆ ಸುರಿಯಿತು. ಗದ್ದೆಗೆ ನೀರು ಹಾಯಿಸಲು ಇಟ್ಟ ಒಂದು ನಡೆ, ಹಲವು ತಲೆಮಾರುಗಳಾಚೆ ಗುಡಿಗಳನ್ನು ಹೂತಿತು.

ಅಷ್ಟು ದೂರದ ನಡೆಯನ್ನು ಯಾರೂ ಕಾಣಲಾರರು. ಆದರೆ ಮೂರು ನಡೆ ಮುಂದೆ ನೋಡುವ ಅಭ್ಯಾಸ ಎಲ್ಲಾದರೂ ಶುರುವಾಗಬೇಕಲ್ಲ! ಅದೇ ಮರಳಿನಲ್ಲಿ, ಹದಿನಾಲ್ಕು ಗುಳಿಗಳ ಮುಂದೆ, ಆ ಅಕ್ಕ–ತಮ್ಮ ಅಷ್ಟು ಹೊತ್ತಿಗೆ ಆಟ ಬಿಟ್ಟು ಬೇರೇನೋ ಹಚ್ಚಿಕೊಂಡಿದ್ದರು.

ಮೊದಲ ನಡೆಯಲ್ಲಿ ಐದಕ್ಕೆ ಏಳು ಬಂದರೆ ಉಳಿದವಕ್ಕೆಷ್ಟು? ಗುಳಿಗೆ ಒಂದೊಂದೇ ಹಾಕಿ ಆಡಿದರು, ಸಿಕ್ಕಿದ್ದು ಎರಡು. ಎರಡೆರಡು ಹಾಕಿದರೆ ಮೂರು. ಮೂರಕ್ಕೆ ನಾಲ್ಕು.

‘ಗೊತ್ತಾಯ್ತು! ನಾಲ್ಕಕ್ಕೆ ಐದು’ ಎಂದ ತಮ್ಮ. ಹಾಕಿ ನೋಡಿದರು. ಆರು ಬಂತು. ಅವನು ಮತ್ತೊಮ್ಮೆ ಎಣಿಸಿದ. ಆರೇ.

ಕೆದರಿ, ಅಜ್ಜಿಯಿಂದ ಇನ್ನಷ್ಟು ಬೀಜ ಇಸಿದುಕೊಂಡು ಆರಾರು ತುಂಬಿದರು. ಎರಡೇ ಸಲ ಎತ್ತುವಷ್ಟರಲ್ಲಿ ಆಟ ನಿಂತಿತು. ಏಳು. ಐದಕ್ಕೂ ಏಳು, ಆರಕ್ಕೂ ಏಳು!

ಬುತ್ತಿಗೆ ಕರೆ ಬಂತು. ತಮ್ಮ ಎದ್ದ. ಅಕ್ಕ ಏಳಲಿಲ್ಲ. ಗುಳಿಗಳನ್ನೇ ದಿಟ್ಟಿಸುತ್ತ, ಬೆರಳು ಮಡಚದೆ, ಹಿಂದೆ ತಿರುಗದೆ ಕೈ ಚಾಚಿದಳು.

‘ಇನ್ನು ಹದಿನಾಲ್ಕು ಬೀಜ ಕೊಡಜ್ಜಿ.’